ಹೊಸ ಕರ್ನೆಲ್ ಬರಲಿ, ಕೊಟ್ಟ ಮಾತು ಉಳಿಯಲಿ



ಕಳೆದ ಲೇಖನದಲ್ಲಿ ಬಿ.ಎಡ್. ಓದುತ್ತಿದ್ದಾಗ ನಾನು ಕೊಟ್ಟ ಮೊದಲ ಪಾಠದ ಫಜೀತಿಯನ್ನು ಬರೆದಿದ್ದೆ. ಓದಿ ನಕ್ಕವರಿಗೆಲ್ಲ ವಂದನೆಗಳು. ಈ ಬಾರಿಯದು ಸ್ವಲ್ಪ ಒಣ ವಿಷಯ, ಗಣಕಯಂತ್ರದ ವಿಷಯ. "ನಿವೃತ್ತ ಮೇಷ್ಟ್ರಿಗೇಕೆ ಈ ಉಸಾಬರಿ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾರಣವಿದೆ, ಹೇಳುತ್ತೇನೆ.

ಹಿಂದಿನ ಭಾನುವಾರ ಇಬ್ಬರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ನನ್ನಿಂದ ಗಣಿತ ಕಲಿತವರು. ಈಗ ಇಬ್ಬರೂ ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಅವರು ಬಂದದ್ದು ನಮ್ಮ ಶಾಲೆಯ ಗಣಕ ಕೊಠಡಿಯ ಸಲುವಾಗಿ. ಅಲ್ಲಿ 11 ಯಂತ್ರಗಳಿವೆ. ಅವುಗಳಲ್ಲಿರುವ ಕಾರ್ಯಾಚರಣಾ ವ್ಯವಸ್ಥೆಗೆ ಈಗ ತಯಾರಕರ ಆಸರೆ ತಪ್ಪಿದೆ. ಅದರ ಹೊಸ ಆವೃತ್ತಿಯನ್ನು ಹಾಕಲು ಹೋದರೆ, ಈ ಯಂತ್ರ ಅದಕ್ಕೆ ಯೋಗ್ಯವಲ್ಲವೆಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಆದ್ದರಿಂದ ಎಲ್ಲವನ್ನೂ ಗುಜರಿಗೆ ಕೊಟ್ಟು, ಹಳೆಯ ವಿದ್ಯಾರ್ಥಿಗಳಿಂದ ಸುಮಾರು ನಾಲ್ಕು ಲಕ್ಷ ರೂಪಾಯಿ ಕೂಡಿಸಿ, ಹೊಸ ಯಂತ್ರಗಳನ್ನು ಕೊಳ್ಳಬೇಕೆಂಬ ಮಾತು ಶಾಲಾ ಸಮಿತಿಯಲ್ಲಿ ನಡೆದಿದೆ.

ಇಬ್ಬರಲ್ಲಿ ಒಬ್ಬನು, "ಇವುಗಳಿಗೆ ಲಿನಕ್ಸ್ ಹಾಕಿದರೆ ಸಾಕು, ಸಾರ್" ಎಂದನು. ಇನ್ನೊಬ್ಬನು ಒಪ್ಪಲಿಲ್ಲ. "ಲಿನಕ್ಸ್‌ನಲ್ಲೂ ಬರಲಿರುವ ಕರ್ನೆಲ್‌ನಲ್ಲಿ ಎಷ್ಟೊಂದು ಹೊಸ ಸೌಲಭ್ಯಗಳು ಬರುತ್ತವೆ! ಅವೆಲ್ಲ ಹೊಸ ಯಂತ್ರಗಳಿಗಾಗಿ. ಪ್ರತಿ ಆವೃತ್ತಿಯಲ್ಲೂ ಹಳೆಯದನ್ನು ಕತ್ತರಿಸುತ್ತಲೇ ಹೋಗುತ್ತಾರೆ. ಇಂದು ಹಾಕಿದರೆ ನಾಳೆ ನಿಂತುಹೋಗುತ್ತದೆ" ಎಂದು ವಾದಿಸಿದನು. ಮನೆಯಾಕೆ ಎರಡು ಬಾರಿ ಕಾಫಿ ತಂದುಕೊಟ್ಟರೂ ವಾದ ಮುಗಿಯಲಿಲ್ಲ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ನೀವೇ ಹೇಳಿ ಸಾರ್" ಎಂದರು. ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಎಷ್ಟೋ ವರ್ಷ ಕುಳಿತವನು ನಾನು. ಆದರೆ ಅಂದು ತಕ್ಷಣ ತೀರ್ಪು ಕೊಡಲಿಲ್ಲ. ಒಂದು ವಾರ ಓದಿದೆ, ಯೋಚಿಸಿದೆ, ಶಾಲೆಗೂ ಹೋಗಿಬಂದೆ. ನನ್ನ ಅಭಿಪ್ರಾಯವನ್ನು ಈಗ ಬರೆಯುತ್ತಿದ್ದೇನೆ.

ಗಣಕದ ಗಂಧವಿಲ್ಲದ ಬಂಧುಗಳಿಗಾಗಿ ಮೊದಲು ಕರ್ನೆಲ್ ಎಂದರೇನೆಂದು ಹೇಳಬೇಕು. ಪದದ ಅರ್ಥ ತಿರುಳು. ಕಾರ್ಯಾಚರಣಾ ವ್ಯವಸ್ಥೆಯ ಒಳತಿರುಳು ಅದು. ನಮ್ಮ ಶಾಲೆಯ ಕಚೇರಿಯನ್ನು ನೆನಪಿಸಿಕೊಳ್ಳಿ. ಬೀರುವಿನ ಕೀಲಿಕೈ ಗುಮಾಸ್ತರ ಬಳಿ ಮಾತ್ರ ಇರುತ್ತಿತ್ತು. ಮುಖ್ಯೋಪಾಧ್ಯಾಯರೇ ಆದರೂ ತಾವಾಗಿ ಬೀರು ತೆರೆಯುತ್ತಿರಲಿಲ್ಲ. ಸೀಮೆಸುಣ್ಣ ಬೇಕೇ, ಹಾಜರಿ ಪುಸ್ತಕ ಬೇಕೇ, ರಜೆ ಬೇಕೇ, ಪ್ರತಿಯೊಂದಕ್ಕೂ ನಿಗದಿಯಾದ ನಮೂನೆಯಲ್ಲಿ ಬರೆದು ಕೊಡಬೇಕಿತ್ತು. ಕರ್ನೆಲ್ ಆ ಗುಮಾಸ್ತ. ಸ್ಮೃತಿ, ಡಿಸ್ಕ್, ಕೀಲಿಮಣೆ, ಪರದೆ, ಜಾಲ ಇವೆಲ್ಲ ಅದರ ವಶದಲ್ಲಿವೆ. ನಾವು ಬಳಸುವ ಬರವಣಿಗೆಯ ತಂತ್ರಾಂಶವಾಗಲಿ, ಜಾಲ ನೋಡುವ ತಂತ್ರಾಂಶವಾಗಲಿ, ನಿಗದಿತ ನಮೂನೆಯಲ್ಲಿ ಕೇಳಿಕೊಂಡರೆ ಮಾತ್ರ ಅದು ತೆಗೆದುಕೊಡುತ್ತದೆ. ಈ ನಮೂನೆಗಳಿಗೆ ಸಿಸ್ಟಮ್ ಕಾಲ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ.

ಇನ್ನು "ಬರಲಿರುವ ಕರ್ನೆಲ್" ಎಂಬ ಮಾತು. ಯುಗಾದಿಯಂತೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ ಅದು. ಲಿನಕ್ಸ್ ಕರ್ನೆಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತಲೇ ಇರುತ್ತದೆ. ನೀವು ಈ ಲೇಖನವನ್ನು ಯಾವಾಗ ಓದಿದರೂ ಒಂದು ಆವೃತ್ತಿ ಬರುವ ಹಾದಿಯಲ್ಲೇ ಇರುತ್ತದೆ. ಅದರ ಕ್ರಮ ನಮ್ಮ ಶಾಲಾ ವರ್ಷದಂತೆಯೇ ಇದೆ. ಮೊದಲ ಎರಡು ವಾರ ದಾಖಲಾತಿ. ಆಗ ಮಾತ್ರ ಹೊಸ ಸೌಲಭ್ಯಗಳಿಗೆ ಪ್ರವೇಶ. ಅನಂತರ ಬಾಗಿಲು ಮುಚ್ಚುತ್ತದೆ. ಮುಂದೆ ವಾರಕ್ಕೊಂದರಂತೆ ಪೂರ್ವಸಿದ್ಧತಾ ಪರೀಕ್ಷೆ. ಅಲ್ಲಿ ತಪ್ಪು ತಿದ್ದುವ ಕೆಲಸವಷ್ಟೇ. ಏಳೋ ಎಂಟೋ ಪರೀಕ್ಷಾ ಪ್ರತಿಗಳಾದ ಮೇಲೆ ಅಂತಿಮ ಆವೃತ್ತಿ. ಆವೃತ್ತಿಯ ಮೊದಲ ಅಂಕಿ ಬದಲಾದರೆ ಜನ ಸಂಭ್ರಮಿಸುತ್ತಾರೆ. 2011ರಲ್ಲಿ 3.0, 2015ರಲ್ಲಿ 4.0, 2019ರಲ್ಲಿ 5.0, 2022ರಲ್ಲಿ 6.0 ಬಂದವು. ಆದರೆ ಆ ಅಂಕಿಗೆ ತಾಂತ್ರಿಕವಾದ ವಿಶೇಷಾರ್ಥವೇನೂ ಇಲ್ಲ. ಎರಡನೆಯ ಸಂಖ್ಯೆ ತೀರ ದೊಡ್ಡದಾಯಿತೆಂದು ಮೊದಲನೆಯದನ್ನು ಏರಿಸುತ್ತಾರೆ, ಅಷ್ಟೆ. ಹತ್ತನೆಯ ತರಗತಿಗೆ ಬಂದ ಮಾತ್ರಕ್ಕೆ ಹುಡುಗ ಬೇರೆಯವನಾಗುವುದಿಲ್ಲವಲ್ಲ!

ಹೊಸ ಸೌಲಭ್ಯಗಳನ್ನು ನಾನು ಹಗುರವಾಗಿ ಕಾಣುವವನಲ್ಲ. 2022ರ ಡಿಸೆಂಬರ್‌ನ 6.1ರಲ್ಲಿ, ಅದುವರೆಗೆ ಬಹುತೇಕ ಸಿ ಭಾಷೆಯಲ್ಲೇ ಇದ್ದ ಕರ್ನೆಲ್‌ಗೆ ರಸ್ಟ್ ಎಂಬ ಇನ್ನೊಂದು ಭಾಷೆಯ ಪ್ರವೇಶವಾಯಿತು. ಸ್ಮೃತಿಯನ್ನು ಬಳಸುವಾಗ ಆಗುವ ಕೆಲವು ಬಗೆಯ ತಪ್ಪುಗಳನ್ನು ಬರೆಯುವ ಹಂತದಲ್ಲೇ ಹಿಡಿಯುವ ಭಾಷೆ ಅದು. 2023ರ 6.6ರಲ್ಲಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಸಂಸ್ಕಾರಕ ಸಿಗಬೇಕೆಂದು ಹಂಚುವ ಪದ್ಧತಿ ಬದಲಾಯಿತು. 2024ರ ನವೆಂಬರ್‌ನ 6.12ರಲ್ಲಿ, ಸುಮಾರು 20 ವರ್ಷಗಳಿಂದ ಹೊರಗೇ ಬೆಳೆಯುತ್ತಿದ್ದ ನೈಜಕಾಲದ ಸೌಲಭ್ಯ ಒಳಗೆ ಸೇರಿತು. ಅಂದರೆ ತುರ್ತು ಕೆಲಸ ಬಂದಾಗ ಕರ್ನೆಲ್ ಕೈಯಲ್ಲಿರುವುದನ್ನು ಬದಿಗಿಟ್ಟು, ಗೊತ್ತಾದ ಗಡುವಿನೊಳಗೆ ಅದಕ್ಕೆ ಓಗೊಡುವುದು. ಕಾರ್ಖಾನೆಯ ಯಂತ್ರತೋಳು ನಡೆಸುವವರಿಗೆ, ಧ್ವನಿಮುದ್ರಣ ಮಾಡುವವರಿಗೆ ಇದು ದೊಡ್ಡ ವರ.

ಆದರೆ ಈ ಉದಾಹರಣೆಗಳಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ನೈಜಕಾಲದ ಸೌಲಭ್ಯ ಬೇಕೆಂದವನು ಅದನ್ನು ಆರಿಸಿಕೊಂಡು ಕರ್ನೆಲ್ ಕಟ್ಟಿಕೊಳ್ಳಬೇಕು. ಬೇಡವೆಂದವನ ಯಂತ್ರ ಹಿಂದಿನಂತೆಯೇ ನಡೆಯುತ್ತದೆ. 6.1ರಲ್ಲಿ ರಸ್ಟ್ ಬಂದಾಗಲೂ ಅದು ಐಚ್ಛಿಕವಾಗಿಯೇ ಬಂತು. ಸಂಸ್ಕಾರಕದ ಸಮಯ ಹಂಚುವ ಪದ್ಧತಿ ಬದಲಾದರೂ, ಅದರ ಮೇಲೆ ನಡೆಯುತ್ತಿದ್ದ ತಂತ್ರಾಂಶಗಳನ್ನು ತಿದ್ದಿ ಬರೆಯಬೇಕಾಗಲಿಲ್ಲ. ಹೊಸದು ಬೇಡದವನ ಜೇಬಿಗೆ ಅದು ಕೈಹಾಕಲಿಲ್ಲ. ನನ್ನ ದೃಷ್ಟಿಯಲ್ಲಿ ಬರಲಿರುವ ಯಾವುದೇ ಕರ್ನೆಲ್‌ನ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದು ಏನನ್ನು ಸೇರಿಸಿತು ಎಂಬುದರಿಂದಲ್ಲ, ಏನನ್ನು ಮುರಿಯದೆ ಸೇರಿಸಿತು ಎಂಬುದರಿಂದ.

ಲಿನಕ್ಸ್‌ನ ಕರ್ತೃ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಈ ಕೆಲಸ ಆರಂಭಿಸಿದವರು. ಅವರು ಅನೇಕ ವರ್ಷಗಳಿಂದ ಹಿಡಿದುಕೊಂಡು ಬಂದಿರುವ ನಿಯಮವೊಂದಿದೆ: ಕರ್ನೆಲ್‌ನಲ್ಲಿ ಏನು ಬದಲಾದರೂ, ನಿನ್ನೆ ನಡೆಯುತ್ತಿದ್ದ ಬಳಕೆದಾರನ ತಂತ್ರಾಂಶ ಇಂದು ನಿಲ್ಲಬಾರದು. ನಿಂತರೆ ತಪ್ಪು ಕರ್ನೆಲ್‌ನದು, ತಂತ್ರಾಂಶದ್ದಲ್ಲ. ಆ ತಂತ್ರಾಂಶವನ್ನು ಸರಿಯಾಗಿ ಬರೆದಿರಲಿಲ್ಲ ಎಂಬ ಸಮರ್ಥನೆಯೂ ಸಲ್ಲದು. ಈ ನಿಯಮ ಮೀರಿದ ಸಹೋದ್ಯೋಗಿಗಳನ್ನು ಅವರು ಬಹಿರಂಗವಾಗಿಯೇ, ನಾವು ತರಗತಿಯಲ್ಲಿ ಎಂದೂ ಬಳಸಬಾರದಂತಹ ಮಾತುಗಳಲ್ಲಿ ಗದರಿಸಿದ್ದುಂಟು. ಗದರಿಸಿದ ರೀತಿಯನ್ನು ನಾನು ಮೆಚ್ಚುವುದಿಲ್ಲ. 2018ರಲ್ಲಿ ಅವರೇ ತಮ್ಮ ವರ್ತನೆಗಾಗಿ ಕ್ಷಮೆ ಕೇಳಿದರು. ನಿಯಮವನ್ನು ಮಾತ್ರ ಪೂರ್ಣವಾಗಿ ಮೆಚ್ಚುತ್ತೇನೆ.

ಈ ನಿಯಮ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು. 2011ರಲ್ಲಿ 2.6.39ರ ಮುಂದಿನ ಆವೃತ್ತಿಯನ್ನು 3.0 ಎಂದು ಕರೆದಾಗ, ಕೆಲವು ತಂತ್ರಾಂಶಗಳು ಕಕ್ಕಾಬಿಕ್ಕಿಯಾದವು. ಅವುಗಳನ್ನು ಬರೆದವರು ಕರ್ನೆಲ್‌ನ ಹೆಸರು ಎಂದೆಂದಿಗೂ 2.6 ಎಂದೇ ಆರಂಭವಾಗುವುದೆಂದು ನಂಬಿದ್ದರು. ತಪ್ಪು ಸ್ಪಷ್ಟವಾಗಿ ಅವರದು. ಆದರೂ ಕರ್ನೆಲ್‌ನವರು ಒಂದು ವ್ಯವಸ್ಥೆ ಮಾಡಿದರು: ಅಂತಹ ತಂತ್ರಾಂಶ ಹೆಸರು ಕೇಳಿದಾಗ ಕರ್ನೆಲ್ ತನ್ನನ್ನು 2.6.40 ಎಂಬಂತೆ ಹೇಳಿಕೊಳ್ಳುವ ಏರ್ಪಾಡು. ವಯಸ್ಸಾದ ಅಜ್ಜಿ ಮೊಮ್ಮಗನನ್ನು ಅವನ ತಂದೆಯ ಹೆಸರಿನಿಂದ ಕೂಗಿದರೆ, ಅವನು ತಿದ್ದಲು ಹೋಗದೆ "ಬಂದೆ ಅಜ್ಜಿ" ಎನ್ನುವುದಿಲ್ಲವೇ? ಹಾಗೆ.

ಎರಡನೆಯದು ಗಣಿತದ ಮೇಷ್ಟ್ರಿಗೆ ಇನ್ನೂ ಪ್ರಿಯವಾದದ್ದು. ಈ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್‌ಗಳ ಸ್ಥಳದಲ್ಲಿ ಒಂದು ಬಿಟ್ ಚಿಹ್ನೆಗೆ ಹೋದರೆ, ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡುಗಳು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಎಣಿಕೆ ಋಣಸಂಖ್ಯೆಗೆ ಹೊರಳಿ, ಗಣಕಕ್ಕೆ 1901ನೆಯ ಇಸವಿ ಬಂದುಬಿಡುತ್ತದೆ. ಇದನ್ನು ಸರಿಪಡಿಸಲು ಹಳೆಯ ನಮೂನೆಯಲ್ಲೇ ದೊಡ್ಡ ಸಂಖ್ಯೆ ತುರುಕಬಹುದಿತ್ತು. ಆದರೆ ಹಳೆಯ ತಂತ್ರಾಂಶಗಳೆಲ್ಲ ಕೆಡುತ್ತಿದ್ದವು. ಅವರು ಹಳೆಯ ನಮೂನೆಗಳನ್ನು ಮುಟ್ಟದೆ, ಪಕ್ಕದಲ್ಲೇ 64 ಬಿಟ್‌ಗಳ ಹೊಸ ನಮೂನೆಗಳನ್ನು ಇಟ್ಟರು. ಅವು 2019ರ 5.1ರಲ್ಲಿ ಬಂದವು; 2020ರ ಮಾರ್ಚ್‌ನ 5.6ರ ಹೊತ್ತಿಗೆ 32 ಬಿಟ್ ಯಂತ್ರಗಳಲ್ಲೂ ಕರ್ನೆಲ್ 2038ನ್ನು ದಾಟಲು ಸಿದ್ಧವಾಯಿತು. ಹಳೆಯ ಬಾಗಿಲು ಮುಚ್ಚದೆ ಹೊಸ ಬಾಗಿಲು ತೆರೆಯುವುದೆಂದರೆ ಇದು. ಕರ್ನೆಲ್ ಸಿದ್ಧವಾದರೆ ಸಾಲದು, ತಂತ್ರಾಂಶಗಳೂ ಹೊಸ ಬಾಗಿಲನ್ನು ಬಳಸಬೇಕೆಂಬುದು ನಿಜ. ಆದರೆ ಅವುಗಳಿಗೆ 18 ವರ್ಷ ಮುಂಚಿತವಾಗಿ ಬಾಗಿಲು ದೊರೆಯಿತು.

ಕನ್ನಡಿಗನಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಲಿನಕ್ಸ್ ಕರ್ನೆಲ್ ಕಡತದ ಹೆಸರನ್ನು ಅಕ್ಷರಗಳೆಂದು ನೋಡುವುದಿಲ್ಲ. ಬೈಟುಗಳ ಸಾಲೆಂದು ಮಾತ್ರ ನೋಡುತ್ತದೆ. ಒಂದು ಹೆಸರಿನಲ್ಲಿ ಸಾಮಾನ್ಯವಾಗಿ 255 ಬೈಟುಗಳ ಮಿತಿ. ಓರೆಗೆರೆ ಮತ್ತು ಶೂನ್ಯ ಬೈಟು ಎರಡು ಮಾತ್ರ ನಿಷಿದ್ಧ. ಹೀಗಾಗಿ ಯೂನಿಕೋಡ್ ರೂಢಿಗೆ ಬಂದಾಗ ಕನ್ನಡದ ಹೆಸರುಗಳಿಗಾಗಿ ಕರ್ನೆಲ್‌ನಲ್ಲಿ ಹೊಸ ನಮೂನೆ ಬೇಕಾಗಲಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. "ಕರ್ನಾಟಕ" ಎಂಬಲ್ಲಿ ಏಳು ಸಂಕೇತಗಳು, 21 ಬೈಟು. ಒಂದು ಹೆಸರಿಗೆ 85 ಸಂಕೇತಗಳವರೆಗೆ ಅವಕಾಶ, ನಮಗೆ ಸಾಕು. ಕಪ್ಪು ಪರದೆಯ ಕನ್ಸೋಲ್‌ನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲವೆಂಬ ಕೊರತೆ ಇದೆ. ಹೊಸ ಸೌಲಭ್ಯ ಕೇಳುವ ಅವಕಾಶ ಸಿಕ್ಕರೆ ನಾನು ಕೇಳುವುದು ಅದನ್ನೇ.

ಇದಕ್ಕೆ ಎದುರಾಗಿ ನನ್ನ ಸ್ವಂತ ನಷ್ಟವೊಂದನ್ನು ಹೇಳಬೇಕು. 2001ರಿಂದ 2008ರವರೆಗೆ ನಾನು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು, ರೇಖಾಗಣಿತದ ಟಿಪ್ಪಣಿಗಳು ಆ ಕಾಲದ ಒಂದು ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿದ್ದವು. ಇಂದು ಆ ಕಡತಗಳನ್ನು ತೆರೆದರೆ ಕರ್ನೆಲ್ ಒಂದು ಬೈಟನ್ನೂ ಬಿಡದೆ ತಂದುಕೊಡುತ್ತದೆ. ಆದರೆ ಪರದೆಯ ಮೇಲೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ತಂತ್ರಾಂಶದ ಅಕ್ಷರಸಂಕೇತಗಳು ಯೂನಿಕೋಡ್‌ನವಲ್ಲ. ಹಲವು ಕಡತಗಳನ್ನು ಪರಿವರ್ತಿಸಿಕೊಂಡೆ. ಕೋಷ್ಟಕಗಳೂ ಸೂತ್ರಗಳೂ ಇದ್ದವು ಕೈಬಿಟ್ಟುಹೋದವು. ಬೀರುವಿನ ಗುಮಾಸ್ತ ಮಾತು ಉಳಿಸಿಕೊಂಡ; ಮೇಲಿದ್ದವರು ಉಳಿಸಿಕೊಳ್ಳಲಿಲ್ಲ. ಕೊಟ್ಟ ಮಾತು ತಪ್ಪಿದರೆ ಕಳೆದುಹೋಗುವುದು ತಂತ್ರಜ್ಞರ ಶ್ರಮವಲ್ಲ, ಬಳಸಿದವನ ವರ್ಷಗಳು.

ಈಗ ನನ್ನ ಪಕ್ಷಕ್ಕೆ ವಿರುದ್ಧವಾದ ಸಂಗತಿಗಳನ್ನೂ ಮುಚ್ಚಿಡಬಾರದು. ಲಿನಕ್ಸ್ ಕೊಡುವ ಮಾತು ಹೊರಬಾಗಿಲಿನದು, ಒಳಮನೆಯದಲ್ಲ. ಯಂತ್ರಾಂಶವನ್ನು ನಡೆಸುವ ಚಾಲಕ ತಂತ್ರಾಂಶಗಳು ಕರ್ನೆಲ್‌ನ ಒಳಗೆ ಕೆಲಸ ಮಾಡುತ್ತವೆ, ಮತ್ತು ಒಳಗಿನ ವ್ಯವಸ್ಥೆಯನ್ನು ಅವರು ಯಾವಾಗ ಬೇಕಾದರೂ ಬದಲಿಸುತ್ತಾರೆ. ಚಾಲಕ ತಂತ್ರಾಂಶ ಕರ್ನೆಲ್‌ನ ಮೂಲದಲ್ಲೇ ಸೇರಿದ್ದರೆ, ಬದಲಿಸಿದವರೇ ಅದನ್ನೂ ತಿದ್ದುತ್ತಾರೆ. ಹೊರಗಿನಿಂದ ಅಂಟಿಸಿಕೊಂಡದ್ದಾದರೆ ದೇವರೇ ಗತಿ.

ಇದನ್ನು ನಾನು ಅನುಭವಿಸಿಯೇ ಕಲಿತೆ. 2018ರಲ್ಲಿ ಕೊಂಡ ಮಡಿಲಗಣಕವೊಂದರ ವೈಫೈ ಚಿಪ್ಪಿನ ತಯಾರಕರು ಚಾಲಕ ತಂತ್ರಾಂಶವನ್ನು ಕರ್ನೆಲ್‌ನ ಮೂಲಕ್ಕೆ ಸೇರಿಸಿರಲಿಲ್ಲ. ತಯಾರಕರ ಹೆಸರು ಇಲ್ಲಿ ಬೇಡ. ಹೊರಗಿನಿಂದ ಹಾಕಿಸಿಕೊಂಡಿದ್ದೆ. ಮರುವರ್ಷದ ದೀಪಾವಳಿಯ ದಿನ ಬೆಳಿಗ್ಗೆ ಹೊಸ ಕರ್ನೆಲ್ ಬಂದು ಕುಳಿತಿತು, ವೈಫೈ ಮಾಯ. ಅಂದು ಸಂಜೆ ಮಗಳು ಪರದೇಶದಿಂದ ಮುಖ ನೋಡಿ ಮಾತನಾಡುವುದೆಂದು ಗೊತ್ತಾಗಿತ್ತು. ಮೊದಲ ಬಾರಿಗೆ ಮೊಮ್ಮಗುವನ್ನು ತೋರಿಸುವವಳಿದ್ದಳು. ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. "ಗಾಬರಿಯಾಗಬೇಡಿ ಸಾರ್. ಯಂತ್ರ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಇನ್ನೂ ಇರುತ್ತದೆ, ಅದನ್ನು ಆರಿಸಿ" ಎಂದನು. ಆರಿಸಿದೆ. ಐದು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. ಆ ಸಂಜೆ ಮೊಮ್ಮಗುವನ್ನು ನೋಡಿದ್ದು ಹಳೆಯ ಕರ್ನೆಲ್‌ನ ಕೃಪೆಯಿಂದ. ಹೊಸದನ್ನು ಹಾಕುವಾಗ ಹಳೆಯದನ್ನು ತಕ್ಷಣ ಅಳಿಸದಿರುವುದು ಸಣ್ಣ ಸೌಜನ್ಯವೆಂದು ತೋರಬಹುದು. ಅಂದು ನನಗೆ ಅದು ಸಣ್ಣದಾಗಿರಲಿಲ್ಲ.

ಇನ್ನು ಹಳೆಯದನ್ನು ಕೈಬಿಡುವ ವಿಚಾರ. ನನ್ನ ಶಿಷ್ಯ ಹೇಳಿದಂತೆ ಕತ್ತರಿ ಪ್ರಯೋಗ ನಡೆಯುವುದು ನಿಜವೇ. ಲಿನಕ್ಸ್ ಹುಟ್ಟಿದ್ದೇ ಇಂಟೆಲ್‌ನ 386 ಸಂಸ್ಕಾರಕದ ಮೇಲೆ. ಆ 386ಕ್ಕೆ 2013ರ ಫೆಬ್ರವರಿಯ 3.8ರಲ್ಲಿ ವಿದಾಯ ಹೇಳಿದರು. 1989ರಲ್ಲಿ ಬಂದ 486ರ ಬೆಂಬಲವನ್ನು ತೆಗೆಯುವ ಪ್ರಸ್ತಾಪ 2025ರಲ್ಲಿ ಮಂಡನೆಯಾಯಿತು. ರೈಸರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು 2025ರ ಜನವರಿಯ 6.13ರಲ್ಲಿ ತೆಗೆದುಹಾಕಿದರು. ಕರ್ನೆಲ್‌ನ ಮೇಲೆ ವ್ಯವಸ್ಥೆಗಳನ್ನು ಕಟ್ಟಿ ಹಂಚುವವರೂ ಹೀಗೆಯೇ. ಡೆಬಿಯನ್ 2025ರ ಆಗಸ್ಟ್‌ನಲ್ಲಿ ಹೊರತಂದ ತನ್ನ 13ನೆಯ ಆವೃತ್ತಿಯಲ್ಲಿ 32 ಬಿಟ್ ಪೀಸಿಗಳಿಗೆ ಕರ್ನೆಲ್ ಒದಗಿಸುವುದನ್ನು ನಿಲ್ಲಿಸಿತು.

ಹಾಗಾದರೆ ಮಾತು ತಪ್ಪಿದಂತಾಗಲಿಲ್ಲವೇ? ನನಗೆ ಹಾಗೆ ಅನ್ನಿಸುವುದಿಲ್ಲ. 386ರಲ್ಲಿ ಮುಂದಿನ ಸಂಸ್ಕಾರಕಗಳಲ್ಲಿರುವ ಕೆಲವು ಆದೇಶಗಳೇ ಇಲ್ಲ. ಅದೊಂದಕ್ಕಾಗಿ ಪ್ರತಿಯೊಂದು ಬದಲಾವಣೆಯಲ್ಲೂ ಪ್ರತ್ಯೇಕ ದಾರಿ ಮಾಡಬೇಕಾಗಿತ್ತು; ಬಳಸುವವರು ಉಳಿದಿರಲಿಲ್ಲ, ಪರೀಕ್ಷಿಸುವವರೂ ಇರಲಿಲ್ಲ. ಪರೀಕ್ಷೆಯಿಲ್ಲದ ಬೆಂಬಲ ಸುಳ್ಳು ಭರವಸೆ. ರೈಸರ್‌ಎಫ್‌ಎಸ್ ವಿಷಯದಲ್ಲಿ 2022ರಲ್ಲೇ ಎಚ್ಚರಿಕೆ ಕೊಟ್ಟು, ಬಳಸುವವರಿಗೆ ಕಡತಗಳನ್ನು ಬೇರೆಡೆ ಸಾಗಿಸಿಕೊಳ್ಳಲು ಮೂರು ವರ್ಷ ಬಿಟ್ಟರು. ಇದಲ್ಲದೆ ದೀರ್ಘಾವಧಿಯ ಆವೃತ್ತಿಗಳೆಂದು ಕೆಲವನ್ನು ಗುರುತಿಸಿ, ಅವುಗಳಿಗೆ ಕನಿಷ್ಠ ಎರಡು ವರ್ಷ ತಿದ್ದುಪಡಿ ಕೊಡುತ್ತಾರೆ. 2023ರವರೆಗೆ ಆರು ವರ್ಷ ಕೊಡುತ್ತಿದ್ದುದನ್ನು ಹೀಗೆ ಇಳಿಸಿದ್ದು ನನಗೆ ಹಿಡಿಸಲಿಲ್ಲ. ಆದರೆ ಆ ಭಾರ ಹೊರುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಅಷ್ಟು ಹಳೆಯ ಆವೃತ್ತಿಗಳನ್ನು ಬಳಸುವವರು ಕಡಿಮೆಯೆಂದು ಅವರು ಹೇಳಿದಾಗ, ದೂರ ಕುಳಿತು ಮೂಗು ಮುರಿಯುವ ಅಧಿಕಾರ ನನಗಿಲ್ಲ.

ನಮ್ಮ ದೇಶವೂ ಒಮ್ಮೆ ಇಂತಹ ಬದಲಾವಣೆಯನ್ನು ಕಂಡಿದೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ 100 ನಯಾ ಪೈಸೆ. ಒಂದು ಆಣೆಗೆ ಆರೂಕಾಲು ಪೈಸೆ. ಸಂತೆಯಲ್ಲಿ ತರಕಾರಿ ಮಾರುವವಳು ಆ ಕಾಲು ಪೈಸೆಯನ್ನು ಎಲ್ಲಿಂದ ತರಬೇಕು? ಆದರೂ ದೇಶ ಕಂಗೆಡಲಿಲ್ಲ. ರೂಪಾಯಿ ರೂಪಾಯಿಯಾಗಿಯೇ ಉಳಿಯಿತು. ನಾಲ್ಕಾಣೆ ಸರಿಯಾಗಿ 25 ಪೈಸೆಗೆ, ಎಂಟಾಣೆ 50 ಪೈಸೆಗೆ ಕೂಡಿಬಂದವು. ಹಳೆಯ ನಾಣ್ಯಗಳೂ ಹೊಸವೂ ಕೆಲವು ವರ್ಷ ಜೊತೆಯಲ್ಲೇ ಓಡಾಡಿದವು. ಜನರಿಗೆ ರೂಢಿಯಾದ ಮೇಲೆ, 1964ರಲ್ಲಿ "ನಯಾ" ಎಂಬ ಪದವನ್ನು ಬಿಟ್ಟರು. ನನ್ನ ತಂದೆಯವರು ಕೊನೆಯವರೆಗೂ ನಾಲ್ಕಾಣೆ ಎಂದೇ ಹೇಳುತ್ತಿದ್ದರು, ಅಂಗಡಿಯವನು 25 ಪೈಸೆ ಎಂದು ತಿಳಿದುಕೊಳ್ಳುತ್ತಿದ್ದನು. ಶಾಲೆಯಲ್ಲೂ ಹಾಗೆಯೇ. ಪಠ್ಯಕ್ರಮ ಬದಲಾದಾಗ, ಹಿಂದಿನ ವರ್ಷ ಅನುತ್ತೀರ್ಣನಾದ ಹುಡುಗನಿಗೆ ಅವನು ಓದಿದ ಪಠ್ಯದ ಮೇಲೆಯೇ ಮರುಪರೀಕ್ಷೆ ಬರೆಯಲು ಅವಕಾಶವಿದ್ದರೆ ಅವನು ಬದುಕುತ್ತಾನೆ. "ಹೊಸ ಪುಸ್ತಕ ಬಂದಿದೆ, ನಿನ್ನದು ನಡೆಯುವುದಿಲ್ಲ" ಎಂದರೆ ಅವನು ಶಾಲೆಯನ್ನೇ ಬಿಡುತ್ತಾನೆ. ಹಾಗೆ ಬಿಟ್ಟವರನ್ನು ನಾನು ನೋಡಿದ್ದೇನೆ.

ಆದ್ದರಿಂದ ಬರಲಿರುವ ಯಾವ ಆವೃತ್ತಿಯನ್ನು ಕುರಿತೂ ನಾನು ಕೇಳುವ ಪ್ರಶ್ನೆಗಳು ಮೂರು. ನಿನ್ನೆ ನಡೆಯುತ್ತಿದ್ದದ್ದು ಇಂದೂ ನಡೆಯುತ್ತದೆಯೇ? ಕೈಬಿಡುವುದನ್ನು ಮುಂಚಿತವಾಗಿ ತಿಳಿಸಿ ಕೈಬಿಟ್ಟರೇ? ಹೊಸದು ಒಗ್ಗದಿದ್ದರೆ ಹಿಂದಿರುಗುವ ದಾರಿ ಇದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಸೌಲಭ್ಯಗಳ ಪಟ್ಟಿ ಚಿಕ್ಕದಾಗಿದ್ದರೂ ಅದು ಒಳ್ಳೆಯ ಆವೃತ್ತಿ. ಯಂತ್ರದಲ್ಲಿ ಶಕ್ತಿ ಇದ್ದೂ, ಮಾರಾಟ ಮುಗಿದ ಕಾರಣಕ್ಕೆ ಅದನ್ನು ಅಯೋಗ್ಯವೆಂದು ಸಾರುವುದನ್ನು ಮಾತ್ರ ನಾನು ಪ್ರಗತಿಯೆಂದು ಒಪ್ಪಲಾರೆ.

ಈಗ ತೀರ್ಪು. ಬುಧವಾರ ನಾನೂ, ಇಬ್ಬರಲ್ಲಿ ಊರಿನಲ್ಲಿ ಉಳಿದುಕೊಂಡಿದ್ದವನೂ ಶಾಲೆಗೆ ಹೋಗಿ 11 ಯಂತ್ರಗಳನ್ನು ಒಂದೊಂದಾಗಿ ನೋಡಿದೆವು. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಆರಂಭಿಸಿ ನೋಡುವ ಉಪಾಯವಿದೆ. ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಒಂಬತ್ತು ಯಂತ್ರಗಳು 64 ಬಿಟ್‌ನವು, ನಾಲ್ಕು ಗಿಗಾಬೈಟ್ ಸ್ಮೃತಿಯವು. ಒಂಬತ್ತರಲ್ಲೂ ಪರದೆ, ಧ್ವನಿ, ಜಾಲ ಸರಿಯಾಗಿದ್ದವು. ಕನ್ನಡ ಬರೆದೆವು, ಮೂಡಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಕರೆದು ಕೂರಿಸಿದೆವು. ತನ್ನ ಹೆಸರು, ತನ್ನ ಊರಿನ ಹೆಸರು ಬರೆದು, "ಇದು ಗುಜರಿಗೆ ಹೋಗುತ್ತದಂತೆ, ಹೌದೇ ಸಾರ್?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಉಳಿದ ಎರಡು ಯಂತ್ರಗಳು 32 ಬಿಟ್‌ನವು. ಅವುಗಳ ವಿಷಯದಲ್ಲಿ ಎದುರುಪಕ್ಷದ ಶಿಷ್ಯ ಹೇಳಿದ್ದೇ ಸರಿ. ಅವುಗಳ ಆಯುಷ್ಯ ಮುಗಿಯುತ್ತ ಬಂದಿದೆ. ಅವನ್ನು ಗೌರವದಿಂದ ಬೀಳ್ಕೊಡೋಣ. ಅಥವಾ ಬಿಚ್ಚಿ ಮಕ್ಕಳಿಗೆ ಒಳಗಿನ ಭಾಗಗಳನ್ನು ತೋರಿಸಲು ಇಟ್ಟುಕೊಳ್ಳೋಣ. ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ಸಿಗಲಾರದು.

ನನ್ನ ಅಭಿಪ್ರಾಯವಿಷ್ಟು: ಒಂಬತ್ತು ಯಂತ್ರಗಳನ್ನು ಉಳಿಸಿ, ದೀರ್ಘಾವಧಿಯ ಕರ್ನೆಲ್ ಇರುವ ವ್ಯವಸ್ಥೆಯೊಂದನ್ನು ಹಾಕಿ, ಹಳೆಯ ಡಿಸ್ಕ್‌ಗಳ ಬದಲು ಎಸ್‌ಎಸ್‌ಡಿಗಳನ್ನೂ ಇನ್ನಷ್ಟು ಸ್ಮೃತಿಯನ್ನೂ ಸೇರಿಸೋಣ. ಎರಡು ಹೊಸ ಯಂತ್ರಗಳನ್ನು ಕೊಳ್ಳೋಣ. ನಾಲ್ಕು ಲಕ್ಷದಲ್ಲಿ ಬಹುಭಾಗ ಉಳಿಯುತ್ತದೆ. ಅದನ್ನು ಗ್ರಂಥಾಲಯಕ್ಕೂ, ದೂರದ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಬಸ್ಸಿನ ವ್ಯವಸ್ಥೆಗೂ ಬಳಸೋಣ. ಯಂತ್ರಗಳನ್ನು ನೋಡಿಕೊಳ್ಳಲು ತಿಂಗಳಿಗೊಮ್ಮೆ ಒಬ್ಬರು ಬರಬೇಕು. ಈ ಕೆಲಸ ಬಲ್ಲವರು ನಿಮ್ಮಲ್ಲಿ ಹತ್ತಾರು ಜನರಿದ್ದೀರಿ. ಹಣ ಕೊಡುವುದು ಸುಲಭ, ಭಾನುವಾರ ಕೊಡುವುದು ಕಷ್ಟ; ನಾನು ಕೇಳುತ್ತಿರುವುದು ಭಾನುವಾರವನ್ನು.

ಬರುವ ತಿಂಗಳ ಮೊದಲ ವಾರ ಸಮಿತಿಯ ಸಭೆ ಇದೆ. ಅದಕ್ಕೆ ಮುಂಚೆ ನಿಮ್ಮ ಅಭಿಪ್ರಾಯ ತಿಳಿಸಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ಮೇಷ್ಟ್ರ ತಪ್ಪು ಹಿಡಿಯುವುದರಲ್ಲಿ ನಿಮಗಿದ್ದ ಉತ್ಸಾಹ ನನಗೆ ಚೆನ್ನಾಗಿ ನೆನಪಿದೆ. ಆ ಹುಡುಗಿಗೆ ನಾನಿನ್ನೂ ಉತ್ತರ ಹೇಳಬೇಕಾಗಿದೆ.